ವಾರದ ಗುಳಿಗಿ

ಎಂಟು ವರ್ಷದ ಮೆಹೆರಾಜಳಿಗೆ ವಾರಕ್ಕೊಮ್ಮೆ ಕೊಡಬೇಕಾಗಿದ್ದ ಗುಳಿಗೆಯನ್ನು ಎಂಟು ದಿನ ದಿನಾಲೂ ಕೊಡಲಾಯಿತು. ಹದಿನೈದನೆಯ ದಿನ ಅವಳು ಸತ್ತಳು. ದವಾಖಾನೆಯವರು ಸಾವಿನ ಕಾರಣದ ಎದುರು ‘ತಾಯಿಯ ಅಲಕ್ಷ್ಯ’ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಅಪ್ಪನ ಸಹಿ ತೆಗೆದುಕೊಂಡರು.

ಅಪ್ಪ ರಸೂಲಸಾಬ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಓಡಿಸುವವ. ಸಹಿ ಆಗದೆ ಹೆಣ ಕೈಗೆ ಬರುವುದಿಲ್ಲ ಅಂದರು, ಮಾಡಿದ. ಏನು ಬರೆದಿದೆ ಎಂದು ತಿಳಿದದ್ದು ಬೈಲಹೊಂಗಲಕ್ಕೆ ಬಂದ ಮೇಲೆ, ಓಣಿಯ ಮಾಸ್ತರರು ಓದಿ ಕನ್ನಡದಲ್ಲಿ ಹೇಳಿದಾಗ. ಮಾಸ್ತರರು ಮೆಲ್ಲಗೆ ಹೇಳಿದರೂ ಓಣಿಗೆ ಕಿವಿಗಳಿದ್ದವು. ಸಂಜೆಯೊಳಗೆ ತಾಯಿ ಹಸೀನಾಬಿ ಮಗಳನ್ನು ತಾನೇ ತಿಂದವಳಾದಳು.

ಇದು ನಡೆದದ್ದು ೧೯೯೬ರಲ್ಲಿ. ಹಸೀನಾಬಿ ಬಳೆ ಮಾರುವವಳು. ಹೆಗಲಿಗೆ ಬಳೆಯ ಮಲಾರ ಏರಿಸಿಕೊಂಡು ಬೈಲಹೊಂಗಲದಿಂದ ಸಂಗೊಳ್ಳಿ, ಕಿತ್ತೂರು, ಯರಗಟ್ಟಿ, ಸವದತ್ತಿಯ ತನಕ ಹಳ್ಳಿ ಹಳ್ಳಿ ತಿರುಗುವವಳು. ನಾಲ್ಕನೆಯ ಇಯತ್ತೆ ಕಲಿತಿದ್ದಳು, ಕನ್ನಡ ಓದುತ್ತಿದ್ದಳು. ಗುಳಿಗೆಯ ಪೊಟ್ಟಣದ ಮೇಲಿದ್ದದ್ದು ಮಾತ್ರ ಕನ್ನಡವಾಗಿರಲಿಲ್ಲ.

ಮೆಹೆರಾಜಳಿಗೆ ಆಗಿದ್ದು ರಕ್ತದ ಕ್ಯಾನ್ಸರ್. ಶಹರದ ದೊಡ್ಡ ದವಾಖಾನೆಯಲ್ಲಿ ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡು, ಕೂದಲು ಉದುರಿಸಿಕೊಂಡು, ಕಡೆಗೆ ರೋಗ ಇಳಿದು, ತಲೆಯ ಮೇಲೆ ಹೊಸ ಕೂದಲು ಮೊಳೆಯುವಾಗ ನಗುತ್ತ ಮನೆಗೆ ಬಂದಿದ್ದಳು. ಇನ್ನೆರಡು ವರ್ಷ ಬರೀ ಗುಳಿಗೆ ತಿಂದರೆ ಸಾಕಿತ್ತು. ಕಂಪೌಂಡರ ಕಿಟಕಿಯೊಳಗಿಂದ ಎರಡು ಪೊಟ್ಟಣ ತಳ್ಳಿದ. ಇದು ದಿನದ ಗುಳಿಗಿ, ಇದು ವಾರದ ಗುಳಿಗಿ, ವಾರದ್ದು ನಾಲ್ಕು ನಾಲ್ಕು ಕೊಡು ಅಂದ. ತಿಳಿಯಿತೇನು ಎಂದು ಕೇಳಿದ. ತಿಳಿಯಿತು ಅಂದಳು.

ಅವಳಿಗೆ ತಿಳಿದದ್ದು ಈ ನಾಡಿನ ಯಾವ ಹೆಂಗಸಿಗೂ ತಿಳಿಯುವಂಥದ್ದೇ. ವಾರದ ಸಂತೆ ಅಂದರೆ ಒಂದು ದಿನ ತಂದು ವಾರವಿಡೀ ಉಣ್ಣುವ ಕಾಯಿಪಲ್ಲೆ. ವಾರದ ಹಿಟ್ಟು ಅಂದರೆ ಒಮ್ಮೆ ಬೀಸಿ ದಿನಾ ರೊಟ್ಟಿ ಬಡಿಯುವ ಹಿಟ್ಟು. ಹಾಗೆಯೇ ವಾರದ ಗುಳಿಗಿ ಅಂದರೆ ವಾರವಿಡೀ ದಿನಾ ನಾಲ್ಕು ನಾಲ್ಕು. ಪೊಟ್ಟಣದಲ್ಲಿ ಮೂವತ್ತೆರಡಿದ್ದವು. ಈ ಸೀಮೆಯಲ್ಲಿ ವಾರಕ್ಕೆ ಎಂಟು ದಿನ ಅನ್ನುತ್ತಾರೆ. ಎಂಟು ದಿನ ಬಿಟ್ಟು ಬಾ ಅಂದರೆ ಮುಂದಿನ ವಾರ ಬಾ ಎಂದು ಅರ್ಥ. ಎಂಟನೆಯ ದಿನಕ್ಕೆ ಪೊಟ್ಟಣ ಸರಿಯಾಗಿ ಮುಗಿಯಿತು. ಒಂದೂ ಹೆಚ್ಚಲಿಲ್ಲ, ಒಂದೂ ಕಡಿಮೆಯಾಗಲಿಲ್ಲ. ದವಾಖಾನೆಯವರು ಎಷ್ಟು ಬರೋಬ್ಬರಿ ಕೊಟ್ಟಿದ್ದಾರೆ ಎಂದು ಹಸೀನಾಬಿ ಮೆಚ್ಚಿಕೊಂಡಿದ್ದಳು. ಎಂಟು ವಾರದ ಔಷಧ ಎಂಟು ದಿನದಲ್ಲಿ ಕೂಸಿನ ಹೊಟ್ಟೆ ಸೇರಿದೆ ಎಂದು ಅವಳಿಗೆ ಹೇಳುವವರಿರಲಿಲ್ಲ. ಬಾಯಿತುಂಬ ಹುಣ್ಣೆದ್ದು, ಮೂಗಿನಿಂದ ರಕ್ತ ಇಳಿದಾಗ ಎತ್ತಿಕೊಂಡು ಓಡಿದಳು. ಮುಂದಿನದು ಕಾಗದದಲ್ಲಿದೆ.

ಎರಡು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ತೆಳ್ಳಗಿನ ದೇಹ, ಹತ್ತಿಯ ಸೀರೆ, ಬಸ್ಸಿನ ಧೂಳು ಮೆತ್ತಿದ ಮುಖ. ತಾನು ಸುಚೇತಾ, ದವಾಖಾನೆಗೆ ಹೊಸದಾಗಿ ಬಂದಿರುವ ಡಾಕ್ಟರು, ರಾಮದುರ್ಗದವಳು ಎಂದು ಹೇಳಿಕೊಂಡಳು. ರಸೂಲಸಾಬ ಎದ್ದು ನಿಂತು, ಇನ್ನೇನು ಒಯ್ಯಲಿಕ್ಕೆ ಬಂದಿರಿ ಎಂದು ಕೇಳಿದ. ಆಕೆ ಅದಕ್ಕೆ ಬೇಸರಿಸಲಿಲ್ಲ. ಹೊಸ್ತಿಲಾಚೆಗೇ ಚಪ್ಪಲಿ ಬಿಟ್ಟು ನೆಲದ ಮೇಲೆ ಕುಳಿತಳು.

ಅವಳ ಅಜ್ಜ ರಾಮದುರ್ಗದಲ್ಲಿ ಪಂಚಾಂಗ ಹೇಳುತ್ತಿದ್ದವರು. ತಿಥಿ, ವಾರ, ನಕ್ಷತ್ರಗಳ ನಡುವೆ ಬೆಳೆದವಳು. ದವಾಖಾನೆಯಲ್ಲಿ ಅವಳ ಕೈಗೆ ಬಂದದ್ದು ಒಂದು ರಜಿಸ್ಟರು. ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಯಾವ ಔಷಧದ ಜೊತೆ ಯಾವುದನ್ನು ಕೂಡಿಸಿದರೆ ಬದುಕುತ್ತಾರೆ ಎಂದು ನೋಡಲು ಇಟ್ಟ ಪುಸ್ತಕ ಅದು. ಒಂದೇ ಔಷಧ ಕೊಟ್ಟರೆ ರೋಗ ನಾಲ್ಕು ತಿಂಗಳು ಮುಖ ಮರೆಸಿಕೊಂಡು ಮತ್ತೆ ಬರುತ್ತದೆ. ಎರಡು, ಮೂರು, ನಾಲ್ಕು ಕೂಡಿಸಿದರೆ ತಪ್ಪಿಸಿಕೊಳ್ಳುವ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ. ಹೊರದೇಶದಲ್ಲಿ ಇದೇ ಜೋಡಿಗಳಿಂದ ಹತ್ತರಲ್ಲಿ ಏಳೆಂಟು ಮಕ್ಕಳು ಉಳಿಯುತ್ತಿದ್ದರು. ಇಲ್ಲಿ ಮೊದಲ ಇಪ್ಪತ್ತರಲ್ಲಿ ಉಳಿದವರು ನಾಲ್ವರು. ಔಷಧ ಅದೇ, ರೋಗ ಅದೇ. ಹಾಗಾದರೆ ನಡುವೆ ಏನು ಬೇರೆ ಎಂಬುದು ಸುಚೇತಾಳ ತಲೆ ಕೊರೆಯುತ್ತಿತ್ತು. ಹಿರಿಯ ಡಾಕ್ಟರುಗಳು ಹಳ್ಳಿ ಮಂದಿಯ ಕಡೆ ಬೆರಳು ಮಾಡಿದರು. ಅವಳು ಹಳ್ಳಿಯ ಬಸ್ಸು ಹತ್ತಿದಳು.

ಏಳನೆಯ ನಂಬರಿನ ಕೂಸಿನ ತಾಯಿ ನೀವೇ ಅಲ್ಲವೇ, ಅವತ್ತು ಕಿಟಕಿಯಲ್ಲಿ ಏನು ಹೇಳಿದರು, ಅದೇ ಮಾತನ್ನು ಹೇಳಿ ಎಂದು ಕೇಳಿದಳು. ಹಸೀನಾಬಿ ಹೇಳಿದಳು. ಆ ಮಾತನ್ನು ಅವಳು ಎರಡು ವರ್ಷ ದಿನಾ ಕೇಳಿಸಿಕೊಂಡಿದ್ದಳು, ಒಂದು ಅಕ್ಷರ ತಪ್ಪಲಿಲ್ಲ.

ಸುಚೇತಾ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಅಂದಳು, “ಇದು ನಿಮ್ಮ ತಪ್ಪಲ್ಲರಿ ಹಸೀನಾಬಿ. ನಮ್ಮ ಮಾತಿನ ತಪ್ಪು.”

“ಬಾಯಿಲೆ ಅಂದದ್ದು ಗಾಳ್ಯಾಗ ಹೋಗತೈತ್ರಿ ಡಾಕ್ಟರ ಬಾಯಾರ,” ಅಂದಳು ಹಸೀನಾಬಿ. “ನನ್ನ ತಪ್ಪು ಅಂತ ಬರದಾರಲ್ಲ, ಹಂಗ ಇದನ್ನೂ ಬರೀರಿ.”

ಮುಂದಿನ ಸೋಮವಾರ ಅವಳು ದವಾಖಾನೆಗೆ ಹೋದಳು. ಸುಚೇತಾ ಅವಳೆದುರೇ ರಜಿಸ್ಟರು ತೆರೆದು, ಏಳನೆಯ ಸಾಲಿನಲ್ಲಿ ಇಂಗ್ಲಿಷಿನ ಅವೇ ಎರಡು ಶಬ್ದಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಕನ್ನಡದಲ್ಲಿ ಬರೆದಳು: ಔಷಧದಿಂದ ಸಾವು. ಮಾತಿನ ತಪ್ಪು. ದವಾಖಾನೆಯದು. ಕೆಳಗೆ ತನ್ನ ಸಹಿ, ತಾರೀಖು. ಹಸೀನಾಬಿ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು. ಎರಡನೆಯ ಸಲ ಓದಿದಳು. ಆ ಒಂದು ಸಾಲು ಹಾಗೇ ನಿಂತಿರಲಿ, ಅದನ್ನು ಯಾರೂ ಮುಟ್ಟಬಾರದು ಎಂಬುದಷ್ಟೇ ಅವಳು ಆ ಕಟ್ಟಡದಿಂದ ಬೇಡಿದ್ದು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, ಈಗ ಇನ್ನೆಷ್ಟು ಮಕ್ಕಳು ಈ ಗುಳಿಗೆ ತಿನ್ನುತ್ತಿದ್ದಾರೆ, ಅವರ ತಾಯಂದಿರಿಗೆ ಏನಂತ ಹೇಳಿದ್ದೀರಿ?

ಹನ್ನೊಂದು ಮಕ್ಕಳು. ಎಲ್ಲರಿಗೂ ಅದೇ ಕಿಟಕಿ, ಅದೇ ಮಾತು.

ಆ ಹನ್ನೊಂದು ಊರಿನ ಹೆಸರು ಬರೆಸಿಕೊಂಡು ಹಸೀನಾಬಿ ಮರುದಿನವೇ ಮಲಾರ ಹೆಗಲಿಗೇರಿಸಿದಳು.

ಬಳೆ ಮಾರುವವಳಿಗೆ ಒಂದು ಸವಲತ್ತಿದೆ, ಅದು ಡಾಕ್ಟರಿಗಿಲ್ಲ, ನರ್ಸಿಗಿಲ್ಲ. ಅವಳು ಪಡಸಾಲೆ ದಾಟಿ ಒಳಗೆ ಹೋಗುತ್ತಾಳೆ. ಹೆಂಗಸರು ತಾವಾಗಿಯೇ ಕೈ ಅವಳ ಕೈಯಲ್ಲಿ ಇಡುತ್ತಾರೆ. ಗೆಣ್ಣು ಹಿಸುಕಿ ಬಳೆ ದಾಟಿಸುವಾಗ ನೋವು ಮರೆಯಲಿಕ್ಕೆಂದು ಏನಾದರೂ ಮಾತಾಡುತ್ತಲೇ ಇರುತ್ತಾರೆ. ಮನೆಯ ಗುಟ್ಟು ಬಳೆಯ ಜೊತೆಗೇ ಜಾರಿ ಬರುತ್ತದೆ. ಹೀಗೆ ಮೂರು ವಾರ ತಿರುಗಿ ಹಸೀನಾಬಿ ತಂದ ಸುದ್ದಿಯನ್ನು ಸುಚೇತಾ ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ಒಂದು ಗುಳಿಗೆಗೆ ಹೊಟ್ಟೆ ಹಸಿಯುತ್ತದೆ, ಕೂಸು ನಾಲ್ಕು ರೊಟ್ಟಿ ತಿನ್ನುತ್ತದೆ, ಗುಂಡಗಾಗುತ್ತದೆ. ಗುಣವಾಯಿತೆಂದು ಮನೆಯವರು ಔಷಧ ನಿಲ್ಲಿಸುತ್ತಾರೆ. ಕೆಂಪು ಬಣ್ಣದ ಕಡು ಔಷಧದ ಸೂಜಿ, ಮಂದಿ ಕೆಂಪು ಸೂಜಿ ಅನ್ನುವುದು, ಅದನ್ನು ಚುಚ್ಚಿ ಮನೆಗೆ ಕಳಿಸಿದ ಹದಿನೈದು ದಿನದೊಳಗೆ ಜ್ವರ ಬರುತ್ತದೆ. ಕಿತ್ತೂರಿನಂಥ ಹೆದ್ದಾರಿಯ ಊರಿನವರು ಬಸ್ಸು ಹಿಡಿದು ಬದುಕುತ್ತಾರೆ, ರಾಮದುರ್ಗದ ಆಚೆಯವರು ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕಾಯುತ್ತಾರೆ, ಕೂಸು ಕಾಯುವುದಿಲ್ಲ. ಸುಚೇತಾ ರಜಿಸ್ಟರಿನಲ್ಲಿ ಹೊಸದೊಂದು ಗೆರೆ ಎಳೆದು, ಮೇಲೆ ‘ಮನೆ ಸುದ್ದಿ’ ಎಂದು ಬರೆದಳು. ರಕ್ತದ ಎಣಿಕೆಯ ಪಕ್ಕಕ್ಕೇ ಅದು. ಹಸೀನಾಬಿ ಹೇಳುತ್ತಿದ್ದಳು, ಅವಳು ಬರೆದುಕೊಳ್ಳುತ್ತಿದ್ದಳು, ಮತ್ತು ಒಮ್ಮೆಯೂ ಮಾತು ಕತ್ತರಿಸುತ್ತಿರಲಿಲ್ಲ. ಇಂಥ ಕಿವಿ ಇರುವ ಡಾಕ್ಟರನ್ನು ಹಸೀನಾಬಿ ಅದಕ್ಕೂ ಮೊದಲು ಕಂಡಿರಲಿಲ್ಲ.

ಔಷಧ ಕೂಡಿಸುವ ಜೋಡಿಗಳು ಎರಡಿದ್ದವು. ಮೂರು ಔಷಧದ್ದು ಮೆದು. ರೋಗ ಇಳಿಯುತ್ತಿತ್ತು, ವರ್ಷದೊಳಗೆ ಮರಳುತ್ತಿತ್ತು. ಕೆಂಪು ಸೂಜಿ ಕೂಡಿಸಿದ ನಾಲ್ಕರದ್ದು ಗಡುಸು. ರೋಗ ಮರಳುತ್ತಿರಲಿಲ್ಲ, ಮಕ್ಕಳೇ ಮರಳುತ್ತಿರಲಿಲ್ಲ. ಹಿರಿಯ ಡಾಕ್ಟರುಗಳು ಮೂರೋ ನಾಲ್ಕೋ ಎಂದು ಜಗಳಾಡುತ್ತಿದ್ದಾಗ, ಸುಚೇತಾ ಮನೆ ಸುದ್ದಿ ಓದಿ ಬೇರೆಯೇ ಒಂದನ್ನು ಕಂಡಳು. ನಾಲ್ಕನ್ನೂ ಕೊಡಬೇಕು, ಆದರೆ ಕೆಂಪು ಸೂಜಿಯ ತಿಂಗಳು ಕೂಸು ಮನೆಗೆ ಹೋಗಬಾರದು. ದವಾಖಾನೆಯ ಹಿಂದೆ ಸಾಮಾನು ತುಂಬಿದ ತಗಡಿನ ಶೆಡ್ಡಿತ್ತು. ತಾನೇ ನಿಂತು ತೆರವು ಮಾಡಿಸಿ, ಸುಣ್ಣ ಹೊಡೆಸಿ, ಆರು ತಾಯಂದಿರು ಒಲೆ ಹೂಡುವಂತೆ ಮಾಡಿದಳು. ಜ್ವರ ಬಂದರೆ ಇಪ್ಪತ್ತು ಹೆಜ್ಜೆಯಲ್ಲಿ ವಾರ್ಡು. ಅಲ್ಲಿಂದಾಚೆಗೆ ಎರಡು ವರ್ಷ ಎರಡು ಗುಳಿಗೆ, ಮನೆಯಲ್ಲಿ. ಇಳಿಸುವುದು ಒಂದು, ಇಳಿದದ್ದನ್ನು ಹಿಡಿದಿಡುವುದು ಇನ್ನೊಂದು ಎಂದು ಅವಳು ವಿವರಿಸಿದಾಗ ಹಸೀನಾಬಿಗೆ ಅದು ಹೊಸದೆನಿಸಲಿಲ್ಲ. ಗಾಜಿನ ಬಳೆ ಎಷ್ಟು ಇಟ್ಟರೂ ಹಿಂದೆ ಮುಂದೆ ಬಂಗಾರದ ಪಾಟಲಿಯ ತಡೆ ಇಲ್ಲದಿದ್ದರೆ ನಿಲ್ಲುವುದಿಲ್ಲ ಎಂದು ತನ್ನ ಮಾತಿನಲ್ಲಿ ಹೇಳಿದಳು. ಸುಚೇತಾ ಹೌದು, ಅದೇ ಅಂದಳು.

ಉಳಿದದ್ದು ಆ ವಾರದ ಗುಳಿಗೆ. ಪೊಟ್ಟಣದ ಮೇಲೆ ಕನ್ನಡದಲ್ಲಿ ‘ವಾರಕ್ಕೊಮ್ಮೆ’ ಎಂದು ಬರೆಸಿದರು. ಓದಲು ಬಾರದ ಮನೆಯಲ್ಲಿ ಅದಕ್ಕೇನು ಬೆಲೆ. ಚಿತ್ರ ಬಿಡಿಸಿದರು, ತಿಳಿಯಲಿಲ್ಲ. ಉಪಾಯ ಹುಟ್ಟಿದ್ದು ಸವದತ್ತಿಯ ಹತ್ತಿರದ ಒಂದು ಹಳ್ಳಿಯಲ್ಲಿ, ಕೆಂಚವ್ವ ಎಂಬ ಮುದುಕಿಯ ಅಡುಗೆಮನೆಯಲ್ಲಿ. ಅವಳ ಮೊಮ್ಮಗ ಲಗಮಪ್ಪ ರಜಿಸ್ಟರಿನ ಹತ್ತೊಂಬತ್ತನೆಯ ಕೂಸು. ಹಸೀನಾಬಿ ಹೋದ ದಿನ ಮಂಗಳವಾರ. ನೆಲ ಸಾರಿಸಿತ್ತು, ಮುದುಕಿ ತಲೆಗೆರೆದುಕೊಂಡು ಉಪವಾಸವಿದ್ದಳು. ಇವತ್ತು ನಮ್ಮ ವಾರ, ಬಳೆ ಇಡಿಸಿಕೊಳ್ಳುತ್ತೇನೆ, ಚಹಾ ಮಾತ್ರ ಕೇಳಬೇಡ ಅಂದಳು. ಹಸೀನಾಬಿಯ ಕೈ ಅಲ್ಲೇ ನಿಂತಿತು.

ಯಾವ ಮನೆಗೆ ದೇವರ ಹೆಸರಿನಲ್ಲಿ ಹಿಡಿಯುವ ವಾರವಿಲ್ಲ? ಲಿಂಗಾಯತರಿಗೆ ಸೋಮವಾರ, ಎಲ್ಲಮ್ಮನ ಒಕ್ಕಲಿಗೆ ಮಂಗಳವಾರ, ಹನುಮಪ್ಪನ ಭಕ್ತರಿಗೆ ಶನಿವಾರ, ತನ್ನವರಿಗೆ ಶುಕ್ರವಾರದ ಜುಮ್ಮಾ. ಅಕ್ಷರ ಮರೆಯುತ್ತಾರೆ, ತಾರೀಖು ಮರೆಯುತ್ತಾರೆ, ಮನೆಯ ವಾರವನ್ನು ಕೂಸುಗಳೂ ಮರೆಯುವುದಿಲ್ಲ. ಅದು ವಾರಕ್ಕೆ ಎರಡು ಸಲ ಬರುವುದೂ ಇಲ್ಲ.

“ಕೆಂಚವ್ವಾರ, ಈ ಗುಳಿಗಿ ವಾರದ ಗುಳಿಗಿ ಅಂದ್ರ ವಾರ ಹಿಡಿಯೂ ಗುಳಿಗಿರಿ. ನಿಮ್ಮ ವಾರ ಬಂದಾಗಷ್ಟ ಕೊಡೂದು. ಉಳಿದ ದಿನ ಮುಟ್ಟಿದ್ರ ಮೈಲಿಗಿ.”

ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು. “ಗುಳಿಗೀಗೂ ವಾರ ಹಿಡಸ್ತೀಯಲ್ಲ ಬೂಬವ್ವ, ನಾಳಿ ಅದಕ್ಕ ಊದಿನಕಡ್ಡಿ ಹಚ್ಚು ಅಂತೀಯೇನು?”

“ಹಚ್ಚ್ರಿ. ಆದ್ರ ಎರಡನೇ ಸಲ ಪ್ರಸಾದ ಕೇಳಬ್ಯಾಡ್ರಿ.”

ಪಂಚಾಂಗದ ಅಜ್ಜನ ಮೊಮ್ಮಗಳು ಸುಚೇತಾ ದವಾಖಾನೆಯಲ್ಲಿ ಇದನ್ನು ಕೇಳಿ ಎದ್ದು ನಿಂತುಬಿಟ್ಟಳು. ಅಂದಿನಿಂದ ರಜಿಸ್ಟರಿನಲ್ಲಿ ಪ್ರತಿ ಕೂಸಿನ ಹೆಸರಿನ ಮುಂದೆ ಒಂದು ವಾರ ಬಿತ್ತು. ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ರಾಮದುರ್ಗದ ಕಡೆಯ ಚನ್ನವ್ವನ ಮನೆಯಲ್ಲಿ ಸೋಮವಾರವನ್ನೂ ಹಿಡಿಯುತ್ತಿದ್ದರು, ಶನಿವಾರವನ್ನೂ ಹಿಡಿಯುತ್ತಿದ್ದರು. ಎರಡೂ ದಿನ ಮಗಳಿಗೆ ಗುಳಿಗೆ ಕೊಟ್ಟಿದ್ದರು. ಪೊಟ್ಟಣದಲ್ಲಿ ನಾಲ್ಕು ಕಡಿಮೆ ಕಂಡು ಹಸೀನಾಬಿ ಆ ಕೂಸನ್ನು ಅದೇ ಬಸ್ಸಿಗೆ ಹತ್ತಿಸಿಕೊಂಡು ಬಂದಳು. ಹುಣ್ಣು ಆಗಷ್ಟೇ ಏಳುತ್ತಿದ್ದವು, ಸುಚೇತಾ ಉಳಿಸಿಕೊಂಡಳು. ಮಾರನೆಯ ದಿನವೇ ನೇಮ ಬದಲಾಯಿತು: ವಾರ ಮನೆಯದಲ್ಲ, ಕೂಸಿನದು, ಒಂದು ಕೂಸಿಗೆ ಒಂದೇ ವಾರ. ತಪ್ಪನ್ನು ಮುಚ್ಚಿಡದೆ ಎದುರಿಗಿಟ್ಟುಕೊಂಡರೆ ಒಂದು ರಾತ್ರಿಯಲ್ಲಿ ಎಷ್ಟು ದೂರ ನಡೆಯಬಹುದು ಎಂದು ಹಸೀನಾಬಿ ಆಗ ಕಂಡಳು.

೨೦೦೪ರ ಹೊತ್ತಿಗೆ ರಜಿಸ್ಟರಿನಲ್ಲಿ ಅರವತ್ತಮೂರು ಹೆಸರುಗಳಾದವು. ಮೊದಲ ಇಪ್ಪತ್ತರಲ್ಲಿ ನಾಲ್ವರು ಉಳಿದಿದ್ದರು. ಆಮೇಲಿನ ನಲವತ್ತಮೂರರಲ್ಲಿ ಇಪ್ಪತ್ತಾರು ಮಕ್ಕಳು ಸಾಲೆಗೆ ಹೋಗುತ್ತಿದ್ದರು. ಲಗಮಪ್ಪ ಏಳನೆಯ ಇಯತ್ತೆ ದಾಟಿ ಮುದುಕಿಯ ಎತ್ತರ ಮೀರಿದ್ದ. ಹೊಸ ಕಟ್ಟಡವಿಲ್ಲ, ಹೊಸ ಯಂತ್ರವಿಲ್ಲ, ಹೊಸ ಔಷಧವೂ ಇಲ್ಲ. ಹಳೆಯ ನಾಲ್ಕು ಔಷಧ, ಒಂದು ತಗಡಿನ ಶೆಡ್ಡು, ಒಂದು ವಾರ. ಇದನ್ನು ಬರೆದು ಮುಂಬೈಯ ದೊಡ್ಡ ಕ್ಯಾನ್ಸರ್ ದವಾಖಾನೆಗೆ ಕಳಿಸಬೇಕು, ಅಲ್ಲಿ ಮೆಚ್ಚಿದರೆ ಬೇರೆ ಊರಿನ ದವಾಖಾನೆಗಳಿಗೂ ಈ ಜೋಡಿ ಹೋಗುತ್ತದೆ, ಇಲ್ಲಿಗೂ ಔಷಧ ಪುಕ್ಕಟೆ ಬರುತ್ತದೆ ಎಂದಾಯಿತು.

ಆಗ ದವಾಖಾನೆಯ ಮುಖ್ಯಸ್ಥ ಡಾಕ್ಟರ್ ಬಾಳಕೃಷ್ಣ ಹಸೀನಾಬಿಯನ್ನು ಒಳಗೆ ಕರೆಸಿದರು. ಎಂಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಕುರ್ಚಿ ತೋರಿಸಿದರು. ಸುಚೇತಾ ಗೋಡೆಗೆ ಒರಗಿ ನಿಂತಿದ್ದಳು. ಮೇಜಿನ ಮೇಲೊಂದು ಕಾಗದವಿತ್ತು, ಈ ಸಲ ಅಚ್ಚ ಕನ್ನಡದಲ್ಲಿ. ಹಸೀನಾಬಿ ಬೆರಳಿಟ್ಟು ಓದಿದಳು. ನನ್ನ ಮಗಳು ಮೆಹೆರಾಜಳನ್ನು ನಾನು ಸ್ವಂತ ಇಚ್ಛೆಯಿಂದ ಚಿಕಿತ್ಸೆ ಬಿಡಿಸಿ ಕರೆದುಕೊಂಡು ಹೋಗಿದ್ದೆ.

ಬಾಳಕೃಷ್ಣರು ಬಯ್ಯಲಿಲ್ಲ, ಹೆದರಿಸಲಿಲ್ಲ. ಸಣ್ಣ ದನಿಯಲ್ಲಿ ವಿವರಿಸಿದರು. ರೋಗ ಇಳಿದ ಮೇಲೆ ಔಷಧದಿಂದಲೇ ಸತ್ತವರು ರಜಿಸ್ಟರಿನಲ್ಲಿ ಮೂವರಿದ್ದಾರೆ. ಹಾಗೆಯೇ ಕಳಿಸಿದರೆ ಈ ಜೋಡಿ ಹಳ್ಳಿಗಳಿಗೆ ಸಲ್ಲದು ಎಂದು ಮುಂಬೈಯವರು ತಳ್ಳಿಹಾಕಬಹುದು. ಚಿಕಿತ್ಸೆ ಬಿಟ್ಟುಹೋದವರನ್ನು ಎಣಿಕೆಗೆ ಹಿಡಿಯುವುದಿಲ್ಲ. ಉಳಿದಿಬ್ಬರ ಅಪ್ಪಂದಿರು ಹೆಬ್ಬೆಟ್ಟು ಒತ್ತಿದ್ದಾರೆ. ಈಗ ಶೆಡ್ಡಿನಲ್ಲಿ ಐದು ಮಕ್ಕಳಿದ್ದಾರೆ, ಹಳ್ಳಿಗಳಲ್ಲಿ ಗುಳಿಗೆಯ ಮೇಲೆ ಹದಿನಾರು. ಔಷಧ ಬರದಿದ್ದರೆ ಅವರ ಗತಿಯೇನು ಎಂದು ನೀವೇ ಹೇಳಿ ಅಂದರು. ಅದು ಸುಳ್ಳು ಬೆದರಿಕೆಯಾಗಿರಲಿಲ್ಲ. ಹಸೀನಾಬಿಗೆ ಆ ಇಪ್ಪತ್ತೊಂದು ಮಕ್ಕಳ ಹೆಸರು, ವಾರ ಎರಡೂ ಬಾಯಿಪಾಠವಿತ್ತು.

ಅವಳು ಸುಚೇತಾಳ ಕಡೆ ತಿರುಗಿದಳು. ಸುಚೇತಾಳ ಕಣ್ಣು ನೆಲದ ಮೇಲಿತ್ತು.

“ನಾ ಏನೂ ಹೇಳೂದಿಲ್ಲ ಹಸೀನಾಬಿ,” ಅಂದಳು. “ಆ ಸಾಲು ಬರದಾಕಿ ನಾನ. ಅಳಸೂ ಧೈರ್ಯ ಇಲ್ಲ. ಈ ಹುಡುಗರ ಮುಖಾ ನೋಡಿದ್ರ ಬ್ಯಾಡ ಅನ್ನೂ ಧೈರ್ಯಾನೂ ಇಲ್ಲ.”

ಹಸೀನಾಬಿ ಕಾಗದವನ್ನು ಮೇಜಿನ ಮೇಲೆ ಮಗುಚಿಟ್ಟಳು. ಶೆಡ್ಡಿನ ಕಡೆಯಿಂದ ಯಾರೋ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

“ಸಾಹೇಬ್ರ, ನೀವು ಬರದದ್ದು ಓದಿ ಬ್ಯಾರೆ ಊರಾಗೂ ಇದ ಜೋಡಿ ಕೊಡತಾರೇನ್ರಿ?”

“ಅದಕ್ಕಂತನ ಬರಿಯೂದು.”

“ಅಲ್ಲಿ ಕಿಟಕ್ಯಾಗಿಂದ ಗುಳಿಗಿ ಕೊಡುವಾಗ ಏನಂತ ಹೇಳತಾರ್ರಿ?”

ಬಾಳಕೃಷ್ಣರು ಮೇಜಿನ ಮೇಲಿನ ಪೆನ್ನು ಎತ್ತಿಕೊಂಡರು.

“ನನ್ನ ಮಗಳು ತಾನಾ ಬಿಟ್ಟು ಹ್ವಾದ್ಲು ಅಂತ ಬರದ್ರ, ವಾರ ಹಿಡಸೂದು ಯಾಕಂತ ಅವರಿಗೆ ಹೆಂಗ ತಿಳೀಬೇಕ್ರಿ? ಹಳ್ಳಿ ಮಂದಿ ಏನೋ ಪೂಜಿ ಮಾಡತಾರ ಅಂತ ನಕ್ಕು ಬಿಡತಾರ. ಆಕಿ ಸತ್ತದ್ದೂ ಈ ಔಷಧದಾಗ ಕೂಡೇತ್ರಿ. ಅದನ್ನಷ್ಟ ತಗದು ಕಳಿಸಿದ್ರ ನೀವು ಕಳಸೂದು ಪೂರಾ ಔಷಧ ಅಲ್ಲ.”

“ನಾನೂ ಇಪ್ಪತ್ತೊಂದು ಮಕ್ಕಳ ಬಗ್ಗೇನ ಮಾತಾಡಾಕತ್ತೀನಿ,” ಅಂದರು ಬಾಳಕೃಷ್ಣರು. ಅವರ ದನಿ ಈಗ ಏರಿತ್ತು.

“ಅವರಿಗೆ ಔಷಧ ಕೇಳಾಕ ನಾ ಮುಂಬೈ ತನಾ ಬರತೇನಿ. ಮಲಾರ ಹೊತ್ತಾಕಿಗೆ ದಾರಿ ಹೊಸಾದಲ್ಲ. ಅವರ ಮುಂದ ನಿಂತು ನಾನ ಹೇಳತೇನಿ, ಮೂರು ಕೂಸು ಹ್ಯಾಂಗ ಸತ್ವು, ಆಮ್ಯಾಲೆ ಹ್ಯಾಂಗ ಸಾಯೂದು ನಿಂತಿತು ಅಂತ.”

ಅವರು ಪೆನ್ನಿನ ಟೊಪ್ಪಿಗೆ ತೆಗೆದು ಅವಳ ಕೈ ಹತ್ತಿರ ಸರಿಸಿದರು. ಇನ್ನು ಕೇಳಿಕೊಳ್ಳುವುದು ಮುಗಿಯಿತು, ಈ ದವಾಖಾನೆಯ ಮುಖ್ಯಸ್ಥನಾಗಿ ಹೇಳುತ್ತಿದ್ದೇನೆ, ಸಹಿ ಮಾಡಿ ಅಂದರು.

ಹಸೀನಾಬಿ ಎದ್ದು ನಿಂತಳು.

“ಮಾಡೂದಿಲ್ರಿ,” ಅಂದಳು.